ಎಲ್ಲ ಬೀಗಕ್ಕೂ ಒಂದೇ ಕೀಲಿಕೈ

ನಮ್ಮ ಬೀದಿಯ ಬೀಗದಣ್ಣ ನನಗಿಂತ ಆರು ವರ್ಷಕ್ಕೆ ಚಿಕ್ಕವನು. ಆದರೂ ನಾನೂ ಅವನನ್ನು ಬೀಗದಣ್ಣ ಎಂದೇ ಕರೆಯುತ್ತೇನೆ. ಅದಕ್ಕೆ ಕಾರಣ ಅವನ ತಂಗಿ. ಅವಳು ಅಂಗಡಿಯ ಹೊಸ್ತಿಲಲ್ಲಿ ನಿಂತು "ಅಣ್ಣಾ" ಎಂದು ಕೂಗಿದರೆ ಬೀದಿಯ ಕೊನೆಯಲ್ಲಿ ಮಲಗಿದ ನಾಯಿ ಕೂಡ ಎದ್ದು ಕೂರುತ್ತಿತ್ತು. ಕೇಳಿ ಕೇಳಿ ನಮ್ಮೆಲ್ಲರ ಬಾಯಿಗೂ ಅದೇ ಬಂತು. ಕೂಗುವವಳು ಹೋಗಿ ಹದಿಮೂರು ವರ್ಷವಾಯಿತು, ಹೆಸರು ಮಾತ್ರ ಉಳಿದುಕೊಂಡಿದೆ.

ನನ್ನದು ಹಗ್ಗ ಹೊಸೆಯುವ ಕಸುಬು. ಅವನ ಅಂಗಡಿ, ನನ್ನ ಜಗಲಿ ಎದುರುಬದುರು. ನಾನು ಹುರಿ ಹಾಕುತ್ತ ತಲೆಯೆತ್ತಿದರೆ ಅವನು ಅರ ಹಿಡಿದು ಬೀಗದ ಒಡಲು ಉಜ್ಜುವುದು ಕಾಣುತ್ತದೆ. ಅವನು ಎಡಚ. ಬೇರೆಯವರ ಬೀಗದಲ್ಲಿ ಕೀಲಿಕೈ ತೂರಿಸುವ ತೂತಿನ ಮುಚ್ಚಳ ಬಲಕ್ಕೆ ಸರಿದರೆ ಅವನ ಬೀಗದಲ್ಲಿ ಎಡಕ್ಕೆ ಸರಿಯುತ್ತದೆ. ಆ ಪುಟ್ಟ ಮುಚ್ಚಳ ಬಡಿದು ಕೂರಿಸುವುದು ತಂಗಿಯ ಪಾಲಿನ ಕೆಲಸವಾಗಿತ್ತು. ಒಂಬತ್ತನೇ ವಯಸ್ಸಿನಲ್ಲಿ ಸುತ್ತಿಗೆ ಜಾರಿ ಅವಳ ಎಡಗೈ ಹೆಬ್ಬೆರಳಿನ ಉಗುರು ಸೀಳಿಹೋಯಿತು. ಆಮೇಲೆ ಬೆಳೆದದ್ದೂ ಸೀಳಿಕೊಂಡೇ ಬೆಳೆಯಿತು.

ಅವಳನ್ನು ಹೊತ್ತುಕೊಂಡು ಹೋದವರು ದೂರದಾರಿ ಕೂಟದವರು. ಹೆಸರು ಕೇಳಿದರೆ ವಯಸ್ಸಾದವರಿಗೆ ಊರೂರು ತೋರಿಸಿಕೊಂಡು ಬರುವ ಪುಣ್ಯವಂತರು ಎನ್ನಬೇಕು. ಮಾಡುವುದು ಮನುಷ್ಯರನ್ನು ಹಿಡಿದು ಕಾಲಿಗೆ ಬೇಡಿ ಜಡಿದು ಮಾರುವ ಕೆಲಸ. ಬೆಟ್ಟದಾಚೆ, ಇಲ್ಲಿಂದ ಮೂರು ದಿನದ ದಾರಿಯಲ್ಲಿ, ಅವರದೊಂದು ಕಲ್ಲುಕೋಟೆ ಇದೆ. ಹಿಡಿದವರನ್ನು ಅಲ್ಲಿ ಕೂಡಿಹಾಕಿ ಗಣಿಯಲ್ಲಿ ದುಡಿಸುತ್ತಾರೆ. ಅವತ್ತು ನಡುಮಧ್ಯಾಹ್ನ ಹುಡುಗಿ ನೀರಿಗೆ ಹೋದಳು. ಮುಚ್ಚಿದ ಗಾಡಿಯೊಂದು ನನ್ನ ಜಗಲಿಯ ಮುಂದೆಯೇ ಹಾದುಹೋಯಿತು. ನಾನು ಧೂಳು ಬರುತ್ತದೆಂದು ಮುಖಕ್ಕೆ ಸೆರಗು ಮುಚ್ಚಿಕೊಂಡೆ, ಅಷ್ಟೇ. ಅವಳ ಕೈ ಕಟ್ಟಿದ ಹಗ್ಗ ನಾನು ಹೊಸೆದದ್ದೇ ಇರಬೇಕು. ಈ ಸುತ್ತಿನಲ್ಲಿ ಹಗ್ಗ ಹೊಸೆಯುವವಳು ನಾನೊಬ್ಬಳೇ, ಕೂಟದವರು ಕಟ್ಟುಗಟ್ಟಲೆ ಕೊಳ್ಳುತ್ತಾರೆ. ಇದನ್ನು ಇಲ್ಲಿಯವರೆಗೆ ಯಾರೂ ನನಗೆ ಹೇಳಿಲ್ಲ, ನಾನೂ ಯಾರಿಗೂ ಹೇಳಿಲ್ಲ.

ಊರಬಾಗಿಲ ಪಕ್ಕದಲ್ಲೇ ಕೂಟದ ಕಚೇರಿ. ಬೀಗದಣ್ಣ ಒಂಬತ್ತು ದಿನ ಅದರ ಅಂಗಳದಲ್ಲಿ ನಿಂತ. ಹತ್ತನೇ ದಿನ ಮೇಲ್ವಿಚಾರಕ ಹೊರಗೆ ಬಂದ. ಮೆತ್ತಗೆ ಮಾತಾಡುವ, ಸದಾ ಉಗುರು ನೋಡಿಕೊಳ್ಳುವ ಮನುಷ್ಯ.

"ಯಾವ ತಂಗಿ, ಎಲ್ಲಿಯ ತಂಗಿ, ನಮಗೆ ಹೇಗಪ್ಪಾ ಗೊತ್ತಾಗ್ಬೇಕು? ಬೀಗ ಚೆನ್ನಾಗಿ ಮಾಡ್ತೀಯಂತಲ್ಲ. ಬೇಡಿಗೆ ಬೀಗ ಮಾಡಿಕೊಡು. ಕೆಲಸ ಹಿಡಿಸಿದ್ರೆ ಆಮೇಲೆ ನೋಡೋಣ" ಎಂದ.

ಆ 'ನೋಡೋಣ' ಎನ್ನುವ ಮಾತಿನ ಮೇಲೆ ಬೀಗದಣ್ಣ ಹನ್ನೊಂದು ವರ್ಷ ಬೇಡಿಯ ಬೀಗ ಮಾಡಿದ. ಮೊದಮೊದಲು ಬೀದಿಯವರು ಅವನ ಅಂಗಡಿಯತ್ತ ಮುಖ ಹಾಕಲಿಲ್ಲ. ನಾನಂತೂ ನೇರವಾಗಿ ಹೋಗಿ ಬೈದೆ. "ನಾಚಿಕೆ ಆಗಲ್ವೇನೋ ನಿನಗೆ? ಒಡಹುಟ್ಟಿದವಳ ಕಾಲಿಗೆ ನೀನೇ ಬೀಗ ಮಾಡ್ತಿದ್ದೀಯಲ್ಲೋ!"

ಅವನು ಸಿಟ್ಟಾಗಲಿಲ್ಲ. ಬಾಗಿಲು ಓರೆ ಮಾಡಿ ಮೂರು ಬೀಗ ತಂದು ನನ್ನ ಮಡಿಲಿಗೆ ಹಾಕಿದ. ಮೂರಕ್ಕೂ ಬೇರೆ ಬೇರೆ ಕೀಲಿಕೈ. ಆಮೇಲೆ ಇನ್ನೊಂದು ಕೀಲಿಕೈ ತೆಗೆದು ಮೂರನ್ನೂ ಒಂದಾದ ಮೇಲೊಂದು ತೆರೆದ.

"ನಾನು ಮಾಡಿದ ಬೀಗಕ್ಕೆಲ್ಲ ಇದೊಂದು ಹೊಂದುತ್ತೆ ಅಕ್ಕ. ಅವರಿಗೆ ಗೊತ್ತಿಲ್ಲ. ಒಂದಲ್ಲ ಒಂದಿನ ಯಾರಾದ್ರೂ ಆ ಕೋಟೆ ಹೊಕ್ತಾರೆ. ಅವತ್ತು ಇದು ಅವರ ಕೈಲಿದ್ರೆ ಸಾಕು."

"ಅದಕ್ಕೆ ಇಷ್ಟೆಲ್ಲ ಯಾಕೆ? ಪೊಳ್ಳು ಬೀಗ ಮಾಡಿದ್ರೆ ಆಗಲ್ವಾ?"

"ಪ್ರತಿಯೊಂದನ್ನೂ ಅಡಿಗಲ್ಲಿನ ಮೇಲಿಟ್ಟು ಸುತ್ತಿಗೇಲಿ ಮೂರು ಏಟು ಹಾಕ್ತಾರೆ. ಒಡೆದ್ರೆ ಮಾಡಿದೋನ ಕೈಗೂ ಮೂರು ಏಟು."

ಅವತ್ತಿನಿಂದ ನಾವಿಬ್ಬರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದದ್ದು ವೀರರಿಗಾಗಿ. ವೀರರಿಗೇನೂ ಬರವಿಲ್ಲ. ತಿಂಗಳಿಗೊಂದು ಗುಂಪು ಈ ಬೀದಿಯಲ್ಲಿ ಹಾಯುತ್ತದೆ. ದೊಡ್ಡ ಕತ್ತಿಯವನೊಬ್ಬ, ಮಂತ್ರದ ಕೋಲಿನವಳೊಬ್ಬಳು, ಗಡ್ಡದ ಕೊಡಲಿಯವನೊಬ್ಬ. ಲೋಕ ಉಳಿಸಲು ಹೊರಟವರು, ಸಂತೋಷ. ಆದರೆ ಬಾಗಿಲು ತಟ್ಟುವ ಅಭ್ಯಾಸ ಯಾರಿಗೂ ಇಲ್ಲ. ಸೀದಾ ಒಳಗೆ ನುಗ್ಗಿ ಪೆಟ್ಟಿಗೆ ತೆರೆದು ನೋಡುತ್ತಾರೆ. ಮಡಕೆ ಕಂಡರೆ ಒಡೆಯುತ್ತಾರೆ, ಒಳಗೆ ಏನಾದರೂ ಇರಬಹುದಂತೆ! ನಮ್ಮ ಕುಂಬಾರ ಮಾತ್ರ ಅವರಿಂದ ಉದ್ಧಾರವಾದ. ಎಲ್ಲರನ್ನೂ "ಏನಾದ್ರೂ ಸುದ್ದಿ ಉಂಟಾ ಯಜಮಾನ್ರೇ?" ಎಂದು ಮಾತಾಡಿಸುತ್ತಾರೆ, ಉತ್ತರ ಅರ್ಧಕ್ಕೆ ಬರುವಷ್ಟರಲ್ಲಿ ಬೇಲಿ ಹಾರಿ ಹೊರಟುಹೋಗುತ್ತಾರೆ.

ಬೀಗದಣ್ಣ ವರ್ಷಗಟ್ಟಲೆ ಬಂದ ಬಂದ ಗುಂಪಿಗೆಲ್ಲ ಕಬ್ಬಿಣದ ಕೀಲಿಕೈ ಕೊಡಲು ಹೋದ. ಅವರು ಅದನ್ನು ಮುಟ್ಟಲೂ ಇಲ್ಲ. ಬದಲಿಗೆ ಕೊನೆಗೊಂದು ಗುಂಪು ಗೋಡೆಯ ಮೇಲಿದ್ದ ಹಿತ್ತಾಳೆ ದೀಪ ಎತ್ತಿಕೊಂಡು ಹೋಯಿತು.

ಆಗ ನನ್ನ ಬಾಯಿ ಸುಮ್ಮನಿರಬೇಕಿತ್ತು. ಇರಲಿಲ್ಲ. "ಹೊಳೆಯೋ ಹಾಗೆ ಮಾಡೋ. ಇವರ ಕಣ್ಣಿಗೆ ಕಾಣೋದು ಹೊಳೆಯೋದು ಮಾತ್ರ" ಎಂದೆ.

ಅವನು ಅದನ್ನು ಮನಸ್ಸಿಗೆ ಹಚ್ಚಿಕೊಂಡ. ಅಮ್ಮನ ಬೆಳ್ಳಿ ಬಟ್ಟಲೊಂದು ಮನೆಯಲ್ಲಿತ್ತು, ಅದನ್ನು ಕರಗಿಸಿದ. ಎರಡು ತಿಂಗಳು ಕೂತು ಕೀಲಿಕೈ ಮಾಡಿದ. ಹಿಡಿಯ ಮೇಲೆ ಬಳ್ಳಿ, ಬಳ್ಳಿಯ ತುದಿಗೆ ಎಲೆ, ಎಲೆಗೆ ನರ ಸಹಿತ ಕೆತ್ತಿದ. ಹಲ್ಲು ಮಾತ್ರ ಉಕ್ಕಿನದು. ಅಷ್ಟು ಚೆಂದದ ವಸ್ತು ನಮ್ಮ ಬೀದಿಯಲ್ಲಿ ಅದುವರೆಗೆ ಹುಟ್ಟಿರಲಿಲ್ಲ. ನಾನು ನೂಲಿನ ಹುರಿ ಹೊಸೆದು ಅದಕ್ಕೆ ಪೋಣಿಸಿಕೊಟ್ಟೆ.

ಮುಂದಿನ ಗುಂಪಿನ ಕತ್ತಿಯವನು ಅದನ್ನು ನೋಡಿದ್ದೇ ತಡ, ನಿಂತ. ಹೊಸ ಹರೆಯದವನು, ನಗುಮುಖ. ಬೀಗದಣ್ಣ ಅವನ ಎರಡೂ ಕೈ ಹಿಡಿದುಕೊಂಡ. "ಅಪ್ಪಾ, ಕಲ್ಲುಕೋಟೇಲಿ ನನ್ನ ತಂಗಿ ಇದ್ದಾಳೆ. ಎಡಗೈ ಹೆಬ್ಬೆರಳ ಉಗುರು ಸೀಳಿದೆ. ಈ ಕೀಲಿಕೈ ಅವಳ ಬೇಡಿಗೆ ಹೊಂದುತ್ತೆ, ಅಲ್ಲಿರೋರೆಲ್ಲರ ಬೇಡಿಗೂ ಹೊಂದುತ್ತೆ. ಮರೀಬೇಡ."

"ಆಯ್ತು ಯಜಮಾನ್ರೇ, ಕೆಲಸ ಒಪ್ಕೊಂಡೆ" ಎಂದು ಅವನು ಚೀಲಕ್ಕೆ ಹಾಕಿಕೊಂಡ. ಪೂರ್ತಿ ಕೇಳಿಸಿಕೊಂಡ ಮೊದಲ ವೀರ ಅವನೇ. ಅವತ್ತು ಬೀಗದಣ್ಣ ತಂಗಿಯ ಹಾಸಿಗೆ ಬಿಸಿಲಿಗೆ ಹಾಕಿದ. ಅವಳ ಚಿಕ್ಕ ಸುತ್ತಿಗೆಯ ತುಕ್ಕು ಉಜ್ಜಿ ತೆಗೆದು, ಹಿಡಿಗೆ ಎಣ್ಣೆ ಹಚ್ಚಿಟ್ಟ. ಅವಳು ಬರುವಷ್ಟರಲ್ಲಿ ಇಪ್ಪತ್ತೇಳು ತುಂಬಿರುತ್ತದೆ, ಹಳೆಯ ಬಟ್ಟೆ ಹಿಡಿಸಲಿಕ್ಕಿಲ್ಲ ಎಂದು ನನ್ನ ಹತ್ತಿರ ಒಂದು ಸೀರೆ ಕೇಳಿ ತೆಗೆದಿಟ್ಟುಕೊಂಡ.

ಕೋಟೆ ಬಿದ್ದ ಸುದ್ದಿ ಗಾಡಿಯವರ ಬಾಯಲ್ಲಿ ಮೊದಲು ಬಂತು. ಕಾವಲಿನವರೆಲ್ಲ ಸತ್ತರಂತೆ, ನಾಯಕನ ತಲೆ ಉರುಳಿತಂತೆ. ಬೀದಿಗೆ ಬೀದಿಯೇ ಹೊರಗೆ ಬಂದು ನಿಂತಿತು. ದೊಡ್ಡವಳಾದ ಹುಡುಗಿಯ ಗುರುತು ಸಿಗುವುದೋ ಇಲ್ಲವೋ ಎಂದು ನಾನು ಊರಬಾಗಿಲಲ್ಲಿ ಬರುವ ಹೆಂಗಸರ ಹೆಬ್ಬೆರಳನ್ನೇ ನೋಡುತ್ತಿದ್ದೆ. ಯಾರೂ ಬರಲಿಲ್ಲ. ಹತ್ತು ದಿನ ಕಳೆದ ಮೇಲೆ ಆ ಕತ್ತಿಯವನು ಬಂದ, ಹೆಗಲ ಮೇಲೆ ಮೀನಿನ ಗಾಳ. ದಾರಿಯಲ್ಲಿ ಒಂದು ಕೆರೆ ಸಿಕ್ಕಿತಂತೆ, ಮೀನು ಚೆನ್ನಾಗಿ ಬೀಳುತ್ತಿತ್ತಂತೆ.

"ಎಲ್ಲಿ ನನ್ನ ತಂಗಿ?" ಬೀಗದಣ್ಣ ಅವನ ಬೆನ್ನ ಹಿಂದಿನ ದಾರಿಯತ್ತ ನೋಡಿ ಕೇಳಿದ.

"ನಾಯಕನ್ನ ಮುಗಿಸಿದ್ವಲ್ಲ ಯಜಮಾನ್ರೇ! ಮೂರು ಗಂಟೆ ಹೊಡೆದಾಟ."

"ಒಳಗಿದ್ದೋರು? ಬೇಡಿ?"

ಅವನ ನಗು ಸ್ವಲ್ಪ ಇಳಿಯಿತು. "ಬಿಚ್ಚೋಕೆ ನೋಡಿದ್ವಿ. ಆ ಬೀಗಗಳು ಏನು ಗಟ್ಟಿ ಅಂತೀರಿ! ನನ್ನ ಕತ್ತಿಯ ಮೊನೆ ಮುರೀತು ನೋಡಿ. ಕೊಡಲಿ ಮುಕ್ಕಾಯ್ತು. ಮಂತ್ರಾನೂ ಹಿಡೀಲಿಲ್ಲ."

"ಕೀಲಿಕೈ ಕೊಟ್ಟಿದ್ನಲ್ಲಪ್ಪಾ."

"ಯಾವ ಕೀಲಿಕೈ? ಓ, ಆ ಬೆಳ್ಳೀದಾ? ಹೋಗ್ತಾ ಸಂತೇಲಿ ಮಾರಿಬಿಟ್ಟೆ. ಒಳ್ಳೆ ಬೆಲೆ ಬಂತು. ಚೀಲ ಭಾರ ಆಗಿತ್ತು ನೋಡಿ."

ನನ್ನ ಕೈಯಲ್ಲಿದ್ದ ಹುರಿ ಬಿಚ್ಚಿಕೊಂಡು ನೆಲಕ್ಕೆ ಬಿತ್ತು. ಕಬ್ಬಿಣದ್ದಾಗಿದ್ದರೆ ಯಾರೂ ಕೊಳ್ಳುತ್ತಿರಲಿಲ್ಲ. ಚೀಲದ ತಳದಲ್ಲಿ ಬಿದ್ದುಕೊಂಡು ಕೋಟೆಯವರೆಗೂ ಹೋಗಿರುತ್ತಿತ್ತು. ಹೊಳೆಯುವ ಹಾಗೆ ಮಾಡು ಎಂದವಳು ನಾನು.

ಕತ್ತಿಯವನಿಗೆ ಅಷ್ಟಕ್ಕೇ ಬಿಟ್ಟುಹೋಗಲು ಮನಸ್ಸು ಬರಲಿಲ್ಲವೇನೋ. ನಮ್ಮನ್ನು ಸಮಾಧಾನಪಡಿಸುವವನ ಹಾಗೆ ಹೇಳಿದ. "ಅಲ್ಲೊಬ್ಬಳಿದ್ದಳು ಯಜಮಾನ್ರೇ. ಹೆಬ್ಬೆರಳ ಉಗುರು ಸೀಳಿತ್ತು, ಈಗ ನೆನಪಾಯ್ತು. ನಾನು ಬೀಗಕ್ಕೆ ಹೊಡೀತಾ ಇದ್ರೆ ಅವಳು ಮುಚ್ಚಳಾನ ಎಡಕ್ಕೆ ಸರಿಸಿ, ಬಲಕ್ಕೆ ಸರಿಸಿ ಆಡಿಸ್ತಿದ್ದಳು. 'ಸುಮ್ನೆ ಕತ್ತಿ ಹಾಳು ಮಾಡ್ಕೋಬೇಡಪ್ಪಾ. ಇದು ನಮ್ಮಣ್ಣನ ಬೀಗ. ಮುರಿಯೋದಿಲ್ಲ' ಅಂದಳು. ಹೇಳುವಾಗ ಒಂಥರಾ ಹೆಮ್ಮೇಲೇ ಇದ್ದಳು."

ಬೀಗದಣ್ಣ ಹೊಸ್ತಿಲ ಮೇಲೆ ಕೂತ. ಎಡಗೈಯನ್ನು ಮಗುಚಿ ಮಗುಚಿ ನೋಡಿಕೊಳ್ಳುತ್ತಿದ್ದ. ನನಗೆ ಆ ಹುಡುಗನನ್ನು ಹಿಡಿದು ನಾಲ್ಕು ಬಾರಿಸಬೇಕು ಅನ್ನಿಸಿತು. ಆದರೆ ಅವನು ಆಗಲೇ ನನ್ನ ಜಗಲಿಯ ಮಡಕೆ ಒಡೆದು ಒಳಗೆ ಇಣುಕುತ್ತಿದ್ದ.

ಬೀಗದಣ್ಣ ಗೂಡಿನಲ್ಲಿದ್ದ ಹಳೆಯ ಕಬ್ಬಿಣದ ಕೀಲಿಕೈ ಎತ್ತಿಕೊಂಡು ಅವತ್ತೇ ಹೊರಟ. ಊರಬಾಗಿಲಲ್ಲೇ ಮೇಲ್ವಿಚಾರಕ ಎದುರಾದ.

"ಎಲ್ಲಿಗಪ್ಪಾ ಇಷ್ಟು ಅವಸರ? ಕೋಟೆಗಾ? ಅಲ್ಲೀಗ ಹೊಸ ನಾಯಕ, ಹೊಸ ಕಾವಲು. ಏಳು ದಿನಕ್ಕೆಲ್ಲ ಸರಿಹೋಯ್ತು. ಒಳಗಿದ್ದೋರನ್ನೆಲ್ಲ ಹಡಗು ಹತ್ತಿಸಿ ಕಳಿಸಿದ್ವಿ, ಕಡಲಾಚೆಗೆ." ಬೀಗದಣ್ಣನ ಬೆನ್ನು ತಟ್ಟಿದ. "ಕೋಟೆ ಬಿತ್ತು, ಗೋಡೆ ಬಿತ್ತು, ನಿನ್ನ ಬೀಗ ಒಂದೂ ಬೀಳಲಿಲ್ಲ ನೋಡು. ಅರ್ಧ ದಿನ ಒಬ್ಬ ಕಾವಲಿನವನೂ ಇರಲಿಲ್ಲ, ಒಬ್ಬರೂ ಎಲ್ಲಿಗೂ ಹೋಗಿರಲಿಲ್ಲ. ಮೇಲಿನವರು ನಿನ್ನ ಕೆಲಸ ಬಹಳ ಮೆಚ್ಚಿದ್ದಾರೆ. ಹಿಂದೆ ಏನೋ ಕೇಳ್ತಿದ್ದೆಯಲ್ಲ, ತಂಗೀನೋ ಏನೋ. ಹೇಳು, ನೋಡೋಣ."

ಬೀಗದಣ್ಣ ಹಡಗು ಹೋದ ದಿಕ್ಕು ಯಾವುದೆಂದು ಕೇಳಿದ. ಮೇಲ್ವಿಚಾರಕ ಉಗುರು ನೋಡಿಕೊಂಡ.

ಈಗ ಎರಡು ವರ್ಷವಾಯಿತು. ಅಂಗಡಿ ನಡೆಯುತ್ತಿದೆ. ಅವನೀಗ ಬೇಕೆಂದೇ ಕೆಟ್ಟ ಬೀಗ ಮಾಡಲು ಕೂರುತ್ತಾನೆ. ಏಟು ಬಿದ್ದರೆ ಬೀಳಲಿ, ಕೈ ಹೋದರೆ ಹೋಗಲಿ ಎನ್ನುತ್ತಾನೆ. ಮುಗಿಯುವ ಹೊತ್ತಿಗೆ ಅದು ಮತ್ತೆ ಚೆನ್ನಾಗಿಯೇ ಆಗಿಬಿಟ್ಟಿರುತ್ತದೆ. "ಕೆಡಿಸೋಕೆ ಕೈಗೆ ಬರ್ತಿಲ್ಲ ಅಕ್ಕ" ಎಂದು ನನ್ನ ಮುಂದೆ ಬಂದು ನಿಲ್ಲುತ್ತಾನೆ. ವಾರಕ್ಕೊಮ್ಮೆ ಕೂಟದವನು ಬಂದು ಬೀದಿಯಲ್ಲೇ ಅಡಿಗಲ್ಲು ಇಟ್ಟು ಪರೀಕ್ಷೆ ಮಾಡುತ್ತಾನೆ. ಬೀಗಕ್ಕೆ ಮೂರು ಏಟು, ಆಮೇಲೆ "ಗಟ್ಟಿ". ಇನ್ನೊಂದಕ್ಕೆ ಮೂರು ಏಟು, "ಗಟ್ಟಿ". ನಾನು ಹುರಿ ಹಾಕುವ ಚಕ್ರವನ್ನು ಜೋರಾಗಿ ತಿರುಗಿಸುತ್ತೇನೆ, ಆದರೂ ಕೇಳಿಸುತ್ತದೆ.

ಬೀಗಗಳಿಗೆಲ್ಲ ಈಗಲೂ ಒಂದೇ ಕೀಲಿಕೈ ಹೊಂದುತ್ತದೆ. ಕಪ್ಪು ಕಬ್ಬಿಣದ್ದು, ಬಳ್ಳಿಯಿಲ್ಲ, ಎಲೆಯಿಲ್ಲ. ವೀರರ ಜೊತೆ ಮಾತಾಡಲು ಅವನಿಗೆ ಆಗುವುದಿಲ್ಲ, ಹಾಗಾಗಿ ಅದನ್ನು ನನ್ನ ಜಗಲಿಯ ಮೊಳೆಗೆ ನೇತುಹಾಕಿದ್ದೇನೆ. ಬಂದವರಿಗೆಲ್ಲ ಕಡಲಾಚೆಯ ಹುಡುಗಿಯ ಕಥೆ ಬಿಡದೆ ಹೇಳುತ್ತೇನೆ.

ಮೊನ್ನೆ ಒಬ್ಬಳು ಬಂದಿದ್ದಳು, ಬೆನ್ನಿಗೆ ಬಿಲ್ಲು. ಕೀಲಿಕೈಯನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಇದನ್ನ ಮಾರಿದ್ರೆ ಏನು ಬರುತ್ತೆ ಅಮ್ಮಾ?" ಎಂದಳು.

"ಏನೂ ಬರಲ್ಲ ಮಗಳೇ. ಅದಕ್ಕೇ ಹಾಗೆ ಮಾಡಿರೋದು" ಎಂದೆ.

ಅವಳು ಅದನ್ನು ಮೊಳೆಗೇ ಸಿಕ್ಕಿಸಿ, ಪಕ್ಕದಲ್ಲಿದ್ದ ಹಗ್ಗದ ಕಟ್ಟೊಂದನ್ನು ಎತ್ತಿಕೊಂಡು ಬೇಲಿ ಹಾರಿದಳು.