ರಿವರ್ಸ್ ಇಲ್ಲದ ನಕ್ಷೆ

ಬೆಳಗಿನ ಆರೂವರೆ. ಸೀತಾ ಕೋಯಂಬೇಡು ಮಾರುಕಟ್ಟೆಯ ಸುತ್ತ ನಾಲ್ಕನೇ ಸುತ್ತು ಹಾಕುತ್ತಿದ್ದರು. ಎಲೆಕೋಸಿನ ಲಾರಿಗಳು, ಹೂವಿನ ಮೂಟೆ ಹೇರಿದ ಆಟೊಗಳು, ಕೊತ್ತಂಬರಿ ಕಟ್ಟುಗಳನ್ನು ತಲೆಯ ಮೇಲಿಟ್ಟುಕೊಂಡು ಓಡುವವರು. ಇವರೆಲ್ಲರ ನಡುವೆ ಇಪ್ಪತ್ತೆರಡು ಅಡಿ ಉದ್ದದ, ಹಾಲಿನ ಬಣ್ಣದ ಹೊಸ ಕ್ಯಾರವಾನು ಮದುವೆಯ ಆನೆಯ ಹಾಗೆ ನಿಧಾನವಾಗಿ ಸಾಗುತ್ತಿತ್ತು.

ಪಕ್ಕದ ಸೀಟಿನಲ್ಲಿ ಚೀಲ ಹಿಡಿದು ಕೂತಿದ್ದ ಗಂಡ ಭೋಜರಾಜ ಮೂರನೇ ಸಲ ಕೈ ತೋರಿಸಿದರು. "ಅಲ್ನೋಡೇ, ಬಾಳೆಕಾಯಿ ಮಂಡಿ ಪಕ್ಕ ಜಾಗ ಖಾಲಿ ಐತೆ."

"ನೋಡ್ದೆ. ಹೋದ್ರೆ ರಿವರ್ಸ್‌ನಲ್ಲೇ ಬರ್ಬೇಕು."

"ಬಂದ್ರಾಯ್ತಪ್ಪ."

"ಸುಮ್ನೆ ಕೂತ್ಕೊಳ್ರಿ."

ಐದನೇ ಸುತ್ತಿಗೆ ಮೂಟೆ ಇಳಿಸಿದ ಲಾರಿಯೊಂದು ಹೊರಟುಹೋಯಿತು. ಮುಂದಿನಿಂದ ಹೊಕ್ಕು ಮುಂದಕ್ಕೇ ಹೊರಡಬಹುದಾದ ಜಾಗ ಸಿಕ್ಕಿತು. ಸೀತಾ ಗಾಡಿ ನಿಲ್ಲಿಸುವಷ್ಟರಲ್ಲಿ ಹತ್ತಾರು ಜನ ಕಿಟಕಿಗೆ ಮುಖ ಒತ್ತಿದ್ದರು. ಚೆನ್ನೈಯಲ್ಲಿ ಕ್ಯಾರವಾನ್ ಅಂದರೆ ಶೂಟಿಂಗಿನ ಗಾಡಿ. ಒಳಗೆ ಯಾರಾದರೂ ನಟರು ಇರಲೇಬೇಕು. ಬಾಗಿಲು ತೆರೆಯಿತು. ಬನಿಯನ್ನಿನ ಮೇಲೆ ಹಳದಿ ಶರ್ಟು ತೊಟ್ಟ ಭೋಜರಾಜ ಬಟ್ಟೆಯ ಚೀಲದೊಂದಿಗೆ ಇಳಿದರು. ಗುಂಪು ನಿಟ್ಟುಸಿರು ಬಿಟ್ಟು ಚದುರಿತು.

ಚೆನ್ನೈಯ ಪೋರೂರಿನ ಈ ದಂಪತಿ ಗಾಡಿ ಕೊಂಡು ಆಗ ಎರಡೂವರೆ ತಿಂಗಳಾಗಿತ್ತು. ಕೊಂಡದ್ದು ಇಬ್ಬರ ನಿವೃತ್ತಿಯ ನಂತರ, ಕಾರಣ ಮಾತ್ರ ಇಬ್ಬರಿಗೂ ಬೇರೆ ಬೇರೆ.

ಭೋಜರಾಜ ಬಂಗಾರಪೇಟೆಯವರು. ಮೂವತ್ತನಾಲ್ಕು ವರ್ಷ ಗೂಡ್ಸ್ ರೈಲಿನ ಗಾರ್ಡ್ ಆಗಿದ್ದರು. ಐವತ್ತೆಂಟು ವ್ಯಾಗನ್ನುಗಳ ಹಿಂದೆ, ಕೊನೆಯ ಡಬ್ಬಿಯಲ್ಲಿ ಒಬ್ಬರೇ ಕೂತು, ಜೋಲಾರಪೇಟೆಯಿಂದ ಎಣ್ಣೂರಿನವರೆಗೆ ತಮಿಳುನಾಡಿನ ಬೆಟ್ಟ, ಕೆರೆ, ಊರು ಎಲ್ಲವನ್ನೂ ದೂರ ಸರಿಯುತ್ತಾ ಚಿಕ್ಕದಾಗುವಾಗಷ್ಟೇ ನೋಡಿದ್ದರು. ಒಂದು ಊರು ಎದುರಿಗೆ ಬರುವುದನ್ನು ನೋಡಬೇಕು ಎಂಬುದು ಅವರ ಆಸೆ. ಆದರೆ ಅವರಿಗೆ ಸೈಕಲ್ ಬಿಟ್ಟು ಬೇರೇನೂ ಓಡಿಸಲು ಬಾರದು.

ಓಡಿಸಲು ಬರುವುದು ಸೀತಾಗೆ. ಎಗ್ಮೋರಿನ ವಿಮಾ ಕಚೇರಿಯೊಂದರ ಮೋಟಾರು ಕ್ಲೇಮ್ ವಿಭಾಗದಲ್ಲಿ ಅವರು ಮೂವತ್ತೊಂದು ವರ್ಷ ದುಡಿದವರು. ಜಜ್ಜಿದ ಬಂಪರ್, ಒಡೆದ ದೀಪ, ಸೊಟ್ಟಗಾದ ಬಾಗಿಲುಗಳ ಫೋಟೊ ನೋಡುವುದು, ಗಾಡಿಯವರು ಬರೆದುಕೊಟ್ಟ ವಿವರಣೆ ಓದುವುದು ದಿನದ ಕೆಲಸ. ರಾಜ್ಯದ ಹೆದ್ದಾರಿಗಳೆಲ್ಲ ಅವರಿಗೆ ಅಪಘಾತಗಳ ಕೈನಕ್ಷೆಯಲ್ಲಿ ಗೊತ್ತು. ತಿಂಡಿವನಂ ಅಂದರೆ ಟೊಮೆಟೊ ಲಾರಿ ಮಗುಚಿದ ತಿರುವು, ಕಡಲೂರು ಅಂದರೆ ಸೇತುವೆಯ ಮೇಲೆ ಒಂದರ ಹಿಂದೊಂದು ಗುದ್ದಿಕೊಂಡ ಏಳು ಕಾರು. ಆ ಜಾಗಗಳನ್ನು ಏನೂ ಆಗದಿರುವಾಗ ಒಮ್ಮೆ ನೋಡಬೇಕು ಎಂಬುದು ಅವರ ಬಯಕೆ.

ಅದೇ ಕಚೇರಿಯಲ್ಲಿ ಅವರಿಗೆ ರಿವರ್ಸಿನ ಹೆದರಿಕೆಯೂ ಅಂಟಿಕೊಂಡದ್ದು. ಅಪಘಾತ ಹೇಗಾಯಿತು ಎಂದು ಕೇಳುವ ಜಾಗದಲ್ಲಿ ಜನ ಬರೆಯುತ್ತಿದ್ದ ಒಂದು ವಾಕ್ಯ ಅವರಿಗೆ ಬಾಯಿಪಾಠ: ನಾನು ನಿಧಾನವಾಗಿಯೇ ಹಿಂದಕ್ಕೆ ತೆಗೆಯುತ್ತಿದ್ದೆ. ಎಲ್ಲರೂ ನಿಧಾನವಾಗಿಯೇ ತೆಗೆದಿರುತ್ತಿದ್ದರು. ಆ ಗೋಡೆ ಮೊದಲು ಅಲ್ಲಿರಲಿಲ್ಲ ಎಂದು ಒಬ್ಬ ವೈದ್ಯರು ಸಹಿ ಹಾಕಿ ಕೊಟ್ಟಿದ್ದರು. ಕ್ಯಾಮೆರಾದಲ್ಲಿ ಏನೂ ಕಾಣಲಿಲ್ಲ ಎಂದು ಇನ್ನೊಬ್ಬರು. ಇಂಥವನ್ನು ಸಾವಿರಗಟ್ಟಲೆ ಓದಿದ ಮೇಲೆ ಸೀತಾ ತಮ್ಮ ಸಣ್ಣ ಕಾರನ್ನೂ ಎರಡಡಿಗಿಂತ ಹೆಚ್ಚು ಹಿಂದಕ್ಕೆ ತೆಗೆದವರಲ್ಲ. ಮನೆಯ ಅಪಾರ್ಟ್‌ಮೆಂಟಿಗೆ ಎರಡು ಗೇಟು ಇದ್ದದ್ದರಿಂದ ಹೇಗೋ ನಡೆದಿತ್ತು.

ಆದ್ದರಿಂದ ಪ್ರವಾಸದ ನಕ್ಷೆಯನ್ನೂ ಅವರು ಹಾಗೇ ಬರೆದರು. ಚೆನ್ನೈಯಿಂದ ಪೂರ್ವ ಕರಾವಳಿ ಹಿಡಿದು ಕನ್ಯಾಕುಮಾರಿ, ಅಲ್ಲಿಂದ ಪಶ್ಚಿಮ ಕರಾವಳಿಯಲ್ಲಿ ಕಾರವಾರದವರೆಗೆ, ಮತ್ತೆ ಪೋರೂರು. ಸುಮಾರು ಮೂರು ಸಾವಿರ ಕಿಲೋಮೀಟರು, ನಲವತ್ತು ದಿನ, ಒಮ್ಮೆಯೂ ರಿವರ್ಸ್ ಇಲ್ಲ. ಎರಡು ಬಾಗಿಲಿನ ಪೆಟ್ರೋಲ್ ಬಂಕುಗಳು, ಸುತ್ತಿ ಬರಬಹುದಾದ ಮೈದಾನಗಳು, ರಾತ್ರಿ ಗಾಡಿ ನಿಲ್ಲಿಸಲು ಬಿಡುವ ಕಲ್ಯಾಣ ಮಂಟಪಗಳು. ಎಲ್ಲ ಕಡೆಗೂ ಫೋನ್ ಮಾಡಿ ವಿಚಾರಿಸಿದರು. ನಿಮ್ಮ ಮಂಟಪಕ್ಕೆ ಎಷ್ಟು ಗೇಟು ಎಂದು ಕೇಳಿದ್ದಕ್ಕೆ ಕಾರೈಕಾಲಿನ ಮ್ಯಾನೇಜರೊಬ್ಬ, "ಗೇಟು ಇರಲಿ, ಹುಡುಗಿ ಕಡೆಯವರಾ ಹುಡುಗನ ಕಡೆಯವರಾ, ಅದು ಹೇಳಿ" ಎಂದು ತಮಿಳಿನಲ್ಲಿ ಗದರಿದ್ದ.

ಮಗಳು ನಿಖಿತಾ ಪೋರೂರಿನ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ತಮಿಳಿನಲ್ಲೇ. ಹೊರಡುವ ಹಿಂದಿನ ದಿನ ನಕ್ಷೆ ನೋಡಿ ಬಿದ್ದು ಬಿದ್ದು ನಕ್ಕಳು. ಆಮೇಲೆ ನಗು ನಿಲ್ಲಿಸಿದಳು.

"ಅಮ್ಮಾ, ಒರೇ ಒರು ಕಂಡಿಷನ್. ಸ್ಟೀರಿಂಗ್ ವೇರೆ ಯಾರ್ ಕೈಕ್ಕಾವದು ಪೋಚ್ಚು, ಟ್ರಿಪ್ ಓವರ್."

ನಡುದಾರಿಯಲ್ಲಿ ಸಿಕ್ಕಿಹಾಕಿಕೊಂಡು, ಗುರುತು ಪರಿಚಯ ಇಲ್ಲದವರ ಕೈಗೆ ಗಾಡಿ ಕೊಡುವ ಪರಿಸ್ಥಿತಿ ಒಮ್ಮೆ ಬಂದರೂ ಸಾಕು, ತಾನು ಡ್ರೈವರ್ ಕರೆದುಕೊಂಡು ಬಂದು ಇಬ್ಬರನ್ನೂ ವಾಪಸ್ ತರುವುದು ಖಂಡಿತ ಎಂದಳು.

"ಆಯ್ತು. ಮಾತು ಕೊಟ್ಟೆ," ಎಂದರು ಸೀತಾ. ಮಾತು ಕೊಟ್ಟರೆ ಮುರಿಯುವವರಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು.

ಜನವರಿಯ ಕೊನೆಯ ಸೋಮವಾರ ಹೊರಟರು. ಮೊದಲ ದಿನವೆಲ್ಲ ಭೋಜರಾಜ ಡ್ಯಾಶ್‌ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದೇ ಕೂತಿದ್ದರು. ಎದುರಿನಿಂದ ಬಸ್ಸು ಬಂದಾಗಲೆಲ್ಲ ಕಾಲು ಮೇಲೆತ್ತುತ್ತಿದ್ದರು.

"ಇದೇನೇ, ಎಲ್ಲಾ ನಮ್ ಮೇಲೇ ಬರ್ತೈತೆ!"

"ರಸ್ತೆ ಅಂದ್ರೆ ಹಂಗೇ ರೀ. ನೀವೇ ತಾನೆ ನೋಡ್ಬೇಕು ಅಂದಿದ್ದು?"

ಮಹಾಬಲಿಪುರ ದಾಟುವಷ್ಟರಲ್ಲಿ ಕಾಲು ಕೆಳಗಿಳಿಯಿತು. ಮರಕ್ಕಾಣಂ ಹತ್ತಿರ ಉಪ್ಪಿನ ಗದ್ದೆಗಳು ಬಿಳಿ ಗೆರೆಯಾಗಿ ಶುರುವಾಗಿ, ಅಗಲವಾಗಿ, ರಸ್ತೆಯ ಎರಡೂ ಬದಿಗೆ ಹರಡಿಕೊಂಡಾಗ ಅವರು ಮುಂದಿನ ಗಾಜಿನತ್ತ ಬಾಗಿದರು. "ಹತ್ರ ಬರ್ತಾ ಬರ್ತಾ ದೊಡ್ಡದಾಗ್ತೈತಲ್ಲೇ," ಎಂದರು. ಸೀತಾ ನಗಲಿಲ್ಲ, ವೇಗ ಇಳಿಸಿದರು. ಆ ದಿನ ಅವರು ಹನ್ನೊಂದು ಕಡೆ ನಿಲ್ಲಿಸಿದರು. ಗಾಡಿಯೊಳಗಿನ ಒಲೆಯಲ್ಲಿ ಭೋಜರಾಜ ಉಪ್ಪಿಟ್ಟು ಮಾಡಿದರು. ಬ್ರೇಕ್ ಹಾಕಿದಾಗ ಸಾಸಿವೆ ಡಬ್ಬಿ ಹಾಸಿಗೆಯ ಮೇಲೆ ಚೆಲ್ಲಿ, ರಾತ್ರಿ ಇಬ್ಬರೂ ಸಾಸಿವೆಯ ಮೇಲೆ ಮಲಗಿದರು.

ಮೂರನೇ ದಿನ ಮಯಿಲಾಡುತುರೈ ದಾಟಿದ ಮೇಲೆ ನಕ್ಷೆ ಕೈಕೊಟ್ಟಿತು. ಸೇತುವೆಯೊಂದರ ದುರಸ್ತಿ ನಡೆದಿತ್ತು. ಬಾಣದ ಗುರುತಿನ ಬೋರ್ಡು ಅವರನ್ನು ಕಾಲುವೆ ಏರಿಯ ರಸ್ತೆಗೆ ತಿರುಗಿಸಿತು. ಬಲಕ್ಕೆ ತುಂಬಿ ಹರಿಯುವ ಕಾಲುವೆ, ಎಡಕ್ಕೆ ಜಾಲಿ ಮುಳ್ಳಿನ ಬೇಲಿ, ಅದರಾಚೆ ಕೊಯ್ಲಿಗೆ ಬಂದ ಭತ್ತ. ರಸ್ತೆ ಗಾಡಿಗಿಂತ ನಾಲ್ಕಡಿ ಅಗಲ ಇದ್ದರೆ ಹೆಚ್ಚು. ಒಂದು ಕಿಲೋಮೀಟರು ಹೋಗುವಷ್ಟರಲ್ಲಿ ತಿರುವಿನ ಆಚೆಯಿಂದ ಭತ್ತ ಕೊಯ್ಯುವ ದೊಡ್ಡ ಯಂತ್ರವೊಂದು ರಸ್ತೆ ತುಂಬಿಕೊಂಡು ಬಂತು. ಅದರ ಹಿಂದೆ ಭತ್ತ ಹೇರಿದ ಎರಡು ಟ್ರ್ಯಾಕ್ಟರುಗಳು.

ಎರಡೂ ಕಡೆಯವರು ನಿಲ್ಲಿಸಿದರು. ಯಂತ್ರದ ಮೇಲಿನಿಂದ ಟವೆಲ್ಲು ಸುತ್ತಿಕೊಂಡ ಚಾಲಕ ಇಳಿದು ಬಂದ. ಹೆಸರು ಅಜಿತ್ ಎಂದು ಆಮೇಲೆ ಗೊತ್ತಾಯಿತು. ಮೊದಲು ಅವನು ಕೇಳಿದ್ದು ಗಾಡಿಯೊಳಗೆ ಯಾರಿದ್ದಾರೆ, ಹೀರೋನಾ ಹೀರೋಯಿನಾ ಎಂದು.

"ಹೀರೋಯಿನ್ ದಾನ್ ವಂಡಿ ಓಟ್ಟುರಾಂಗ," ಗಾಡಿ ಓಡಿಸ್ತಿರೋದೇ ಹೀರೋಯಿನ್ ಎಂದು ಭೋಜರಾಜ ಹೆಂಡತಿಯ ಕಡೆ ಕೈ ತೋರಿಸಿದರು.

ಅಜಿತ್ ನಕ್ಕ. ಆಮೇಲೆ ಪರಿಸ್ಥಿತಿ ವಿವರಿಸಿದ. ಟ್ರ್ಯಾಕ್ಟರುಗಳು ಹಿಂದಕ್ಕೆ ಹೋಗುವ ಹಾಗಿಲ್ಲ, ಅವು ಹೋಗದೆ ತಾನೂ ಹೋಗುವ ಹಾಗಿಲ್ಲ. ಇವರ ಹಿಂದೆ ಇನ್ನೂರು ಹೆಜ್ಜೆಯಲ್ಲಿ ಭತ್ತ ಒಣಗಿಸುವ ಕಣವಿದೆ. ಅಲ್ಲಿಯವರೆಗೆ ಹಿಂದಕ್ಕೆ ಹೋದರೆ ಎಲ್ಲರಿಗೂ ದಾರಿ. ಸೀತಾ ಸ್ಟೀರಿಂಗ್ ಹಿಡಿದ ರೀತಿ ನೋಡಿ ಅವನಿಗೆ ಏನೋ ಹೊಳೆದಿರಬೇಕು. ಕೈ ಚಾಚಿದ.

"ಸಾವಿ ಕುಡುಂಗ ಅಮ್ಮಾ. ನಾನ್ ಎಡುತ್ತು ತರೇನ್. ಅಂಜು ನಿಮಿಷಂ."

ಕೀಲಿ ಕೊಡಿ, ಐದು ನಿಮಿಷದ ಕೆಲಸ. ಅವನು ಮಾಡಬಲ್ಲ ಎಂಬುದರಲ್ಲಿ ಅನುಮಾನವಿರಲಿಲ್ಲ. ಸೀತಾ ಕೀಲಿಯ ಮೇಲೆ ಕೈ ಇಟ್ಟರು. ಪೋರೂರಿನಲ್ಲಿ ಕೂತ ನಿಖಿತಾಗೆ ಇದು ಗೊತ್ತಾಗುವುದೇ ಇಲ್ಲ. ಆದರೆ ಸಂಜೆ ಫೋನಿನಲ್ಲಿ ಅವಳು ಕೇಳುತ್ತಾಳೆ, ತಾವು ಸುಳ್ಳು ಹೇಳುವುದಿಲ್ಲ, ನಾಳೆ ಡ್ರೈವರ್ ಬರುತ್ತಾನೆ. ಕನ್ಯಾಕುಮಾರಿ ಇಲ್ಲ, ಕಾರವಾರ ಇಲ್ಲ. ಕನ್ನಡಿಯಲ್ಲಿ ನೋಡಿದರು. ಇಪ್ಪತ್ತೆರಡು ಅಡಿ ಗಾಡಿ, ಅದರ ಅಂಚಿಗೆ ನೀರು.

"ಏನ್ರೀ," ಎಂದರು ಮೆಲ್ಲಗೆ. "ಏನ್ ಮಾಡ್ಲಿ?"

ಭೋಜರಾಜ ಆಗಲೇ ಚಪ್ಪಲಿ ಬಿಟ್ಟು ಕೆಳಗಿಳಿಯುತ್ತಿದ್ದರು. "ಐವತ್ತೆಂಟು ವ್ಯಾಗನ್ ಹಿಂದಕ್ ತಳ್ಸಿದೀನಿ ಕಣೇ ನಾನು. ಇದು ಒಂದೇ ಡಬ್ಬಿ."

ಅದು ನಿಜ. ಯಾರ್ಡಿನಲ್ಲಿ ರೈಲು ಹಿಂದಕ್ಕೆ ಚಲಿಸುವಾಗ ಎಂಜಿನ್ ಚಾಲಕನಿಗೆ ಏನೂ ಕಾಣುವುದಿಲ್ಲ. ದಾರಿ ನೋಡಿ ಕೈಸನ್ನೆ ಕೊಡುವವನು ಗಾರ್ಡ್. ಕಿಟಕಿಯ ಹತ್ತಿರ ನಿಂತು ಅವರು ಹೆಂಡತಿಗೆ ನಿಯಮ ಹೇಳಿದರು: "ನೀನು ಹಿಂದೆ ನೋಡ್ಬೇಡ. ಕನ್ನಡೀಲಿ ನನ್ ಕೈ ನೋಡು. ಒಂದ್ ಕೈ ಬೀಸಿದ್ರೆ ಬಾ. ಎರಡೂ ಕೈ ಮೇಲೆತ್ತಿದ್ರೆ ನಿಲ್ಸು. ನಾನೇ ಕಾಣಿಸ್ದಿದ್ರೂ ನಿಲ್ಸು. ಅಷ್ಟೇ."

ಸೀತಾ ರಿವರ್ಸ್ ಗೇರ್ ಹಾಕಿದರು. ಗಾಡಿ ಬೀಪ್ ಬೀಪ್ ಎಂದು ಕೂಗತೊಡಗಿತು. ಭೋಜರಾಜ ಗಾಡಿಯ ಹಿಂದಕ್ಕೆ ಹೋಗಿ ನೆಟ್ಟಗೆ ನಿಂತು, ಮುಖದಲ್ಲಿ ಯಾವ ಭಾವವೂ ಇಲ್ಲದೆ, ಒಂದು ಕೈ ಬೀಸಿದರು. ಗಾಡಿ ಹಿಂದಕ್ಕೆ ಚಲಿಸಿತು. ಹತ್ತು ಅಡಿ, ಇಪ್ಪತ್ತು ಅಡಿ. ಕೈ ಬೀಸುತ್ತಲೇ ಇತ್ತು. ಗಾಡಿಯ ಹಿಂಭಾಗ ಕಾಲುವೆಯ ಕಡೆಗೆ ಓರೆಯಾಗತೊಡಗಿತು. ಕೈ ಆಗಲೂ ಬೀಸುತ್ತಿತ್ತು. ಆಮೇಲೆ ಎರಡೂ ಕೈ ಒಟ್ಟಿಗೇ ಮೇಲೆದ್ದವು.

ಚಕ್ರಕ್ಕೂ ನೀರಿಗೂ ಒಂದು ಮೊಳ ಇತ್ತು.

"ಎಡಕ್ಕಾ ಬಲಕ್ಕಾ ಹೇಳ್ಬಾರ್ದೇನ್ರೀ!" ಸೀತಾ ಕಿಟಕಿಯಿಂದ ಕೂಗಿದರು.

"ರೈಲಿಗೆ ಯಾರೇ ಎಡ ಬಲ ಹೇಳ್ತಾರೆ!"

"ಇದು ರೈಲಾ?"

ಅಜಿತ್ ಮತ್ತು ಟ್ರ್ಯಾಕ್ಟರಿನವರು ಕನ್ನಡ ತಿಳಿಯದೆಯೂ ಜಗಳ ಅರ್ಥ ಮಾಡಿಕೊಂಡು ನಕ್ಕರು. ಭೋಜರಾಜ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡರು. ಮೂವತ್ತನಾಲ್ಕು ವರ್ಷದಲ್ಲಿ ತಿರುಗಿಸುವ ಕೆಲಸವನ್ನು ಹಳಿಗಳು ಮಾಡಿದ್ದವು. ಅದಕ್ಕೆ ಸನ್ನೆಯೇ ಇರಲಿಲ್ಲ. ಗಾಡಿಯನ್ನು ಮುಂದಕ್ಕೆ ತೆಗೆಸಿ ನೆಟ್ಟಗೆ ಮಾಡಿಸಿದರು. ಆಮೇಲೆ ಬಲಗಡೆ ಹಿಂಚಕ್ರದ ಸಾಲಿನಲ್ಲೇ, ಹತ್ತು ಹೆಜ್ಜೆ ದೂರದಲ್ಲಿ, ಹೆಂಡತಿಯ ಕನ್ನಡಿಯಲ್ಲಿ ತಲೆಯಿಂದ ಪಾದದವರೆಗೆ ಕಾಣುವ ಹಾಗೆ ನಿಂತರು.

"ನಾನು ಹಿಂದಿಂದಕ್ಕೆ ನಡೀತೀನಿ. ನಿನ್ ಚಕ್ರ ನನ್ನೇ ತುಳಿಯೋಕೆ ಬರೋ ಹಂಗೆ ಬಾ."

"ಥೂ, ಎಂಥ ಮಾತು!"

"ಬಾರೇ. ನಾನೇ ಹಳಿ ಅಂದ್ಕೋ."

ಹೀಗೆ ಆ ಇನ್ನೂರು ಹೆಜ್ಜೆ ನಡೆಯಿತು. ಅರವತ್ತೆರಡು ವರ್ಷದ ಗಾರ್ಡ್ ಬರಿಗಾಲಲ್ಲಿ, ಕಾಲುವೆಯ ಅಂಚಿನಿಂದ ಎರಡಡಿ ಬಿಟ್ಟು, ಹಿಂದಿಂದಕ್ಕೆ ನಡೆದರು. ಐವತ್ತೊಂಬತ್ತರ ಸೀತಾ ಕನ್ನಡಿಯಲ್ಲಿ ಗಂಡನನ್ನು ಬಿಟ್ಟು ಬೇರೇನನ್ನೂ ನೋಡದೆ ಅವರ ಪಾದಗಳ ಮೇಲೆ ಚಕ್ರವನ್ನು ಗುರಿಯಿಟ್ಟು ಬಂದರು. ಅವರು ಸರಿದ ಕಡೆ ಗಾಡಿ ಸರಿಯಿತು. ಒಮ್ಮೆ ಜಾಲಿಯ ಕೊಂಬೆ ಎಡಗಡೆಯ ಕಿಟಕಿಯನ್ನು ಕೆರೆಯಿತು. ಎರಡು ಕೈ ಮೇಲೆದ್ದವು, ಅಜಿತ್ ಓಡಿ ಬಂದು ಕೊಂಬೆ ಬಾಗಿಸಿ ಹಿಡಿದ. ಇನ್ನೊಮ್ಮೆ ಭೋಜರಾಜರ ಹಿಂದೆ ಆಡುಗಳ ಹಿಂಡು ಬಂದು ನಿಂತಿತು, ಅದು ಸರಿಯುವವರೆಗೆ ಕಾದರು. ಕಣಕ್ಕೆ ಮೊದಲಿನ ತಿರುವಿನಲ್ಲಿ ಸೀತಾರ ಬೆನ್ನು ಬೆವರಿನಿಂದ ಸೀಟಿಗೆ ಅಂಟಿತು. ತಿರುವು ದಾಟಿದ ಮೇಲೆ ತಾವು ಯಾವುದೋ ಹಾಡು ಗುನುಗುತ್ತಿರುವುದು ಅವರಿಗೇ ಗೊತ್ತಾಯಿತು.

ಇಪ್ಪತ್ತಾರು ನಿಮಿಷದ ನಂತರ ಗಾಡಿ ಕಣದೊಳಗೆ ನಿಂತಿತು. ಯಂತ್ರ, ಅದರ ಹಿಂದೆ ಟ್ರ್ಯಾಕ್ಟರುಗಳು ಹಾದುಹೋದವು. ಎರಡನೇ ಟ್ರ್ಯಾಕ್ಟರಿನ ಮೂಟೆಗಳ ಮೇಲೆ ಕೂತಿದ್ದ ಹೆಂಗಸರು ಸೀತಾರ ಕಡೆ ನೋಡಿ ಎರಡೂ ಕೈ ಮೇಲೆತ್ತಿ ಕೇಕೆ ಹಾಕಿದರು. ಸೀತಾ ಇಳಿದು, ಮೂವತ್ತೊಂದು ವರ್ಷದ ರೂಢಿಯಂತೆ, ಗಾಡಿಯ ಸುತ್ತ ಒಂದು ಸುತ್ತು ಬಂದು ಬಂಪರ್, ದೀಪ, ಬಾಗಿಲು ಮುಟ್ಟಿ ನೋಡಿದರು. ಏನೂ ಆಗಿರಲಿಲ್ಲ. ಭೋಜರಾಜ ಭತ್ತದ ರಾಶಿಯ ಪಕ್ಕ ಕೂತು ಪಾದದ ಮುಳ್ಳು ಕೀಳುತ್ತಿದ್ದರು.

"ಏನೇ ಹೀರೋಯಿನ್?"

"ಇನ್ನೊಂದ್ಸಲ ಹಿಂದಕ್ ತೆಗೀತೀನಿ, ಬರ್ತೀರಾ?" ಎಂದರು ಸೀತಾ. "ತಿರುವಿನ ತಂಕ ಹೋಗಿ."

"ಯಾಕೆ?"

"ಸುಮ್ನೆ."

ಸಂಜೆ ನಾಗಪಟ್ಟಣದಿಂದ ಫೋನ್ ಮಾಡಿದಾಗ ನಿಖಿತಾ ಎಲ್ಲ ಕೇಳಿದಳು. ಗಾಡಿಯನ್ನು ಹಿಂದಕ್ಕೆ ತೆಗೆದದ್ದು ಯಾರು ಎಂದು ಎರಡು ಸಲ ಕೇಳಿದಳು. ಎರಡು ಸಲವೂ ಸೀತಾ "ನಾನೇ" ಎಂದರು. ಅವಳು ಅಪ್ಪನಿಗೆ ಫೋನ್ ಕೊಡಲು ಹೇಳಿದಳು. ಅಪ್ಪನೂ ಅದನ್ನೇ ಹೇಳಿದ ಮೇಲೆ, "ಸರಿ, ಪೋಂಗ," ಎಂದಳು. ಹೋಗಿ ಬನ್ನಿ.

ಅಂದು ಅವರು ತಂಗಿದ್ದ ಕಲ್ಯಾಣ ಮಂಟಪದ ಎರಡನೇ ಗೇಟಿಗೆ ಮರುದಿನ ಬೆಳಿಗ್ಗೆ ಚಪ್ಪರ ಅಡ್ಡ ಬಂದಿತ್ತು. ಸೀತಾ ಆರು ಗಂಟೆಗೆ ಗಾಡಿಯನ್ನು ಹಿಂದಕ್ಕೆ ತೆಗೆದು ಮೊದಲ ಗೇಟಿನಿಂದ ಹೊರಗೆ ತಂದು ವೇದಾರಣ್ಯದ ದಾರಿ ಹಿಡಿದರು.