ಮೂರನೆಯ ಸುತ್ತಿನ ಬಟ್ಟಲು

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಅರ್ಧಕ್ಕೆ ಶಾಲೆ ಬಿಟ್ಟಿದ್ದರಿಂದ ಮಾತುಗಳೂ ಸಾಲವು, ಓದುವವರು ಕ್ಷಮಿಸಬೇಕು. ಗೊಂಡರ್ ಕೋಟೆಯ ಬಾಗಿಲಲ್ಲಿರುವ ನಮ್ಮಮ್ಮನ ಕಾಫಿ ಅಂಗಡಿಗೆ ದಿನವೂ ಬರುವ ಮೆರ್ಷಾ ಅಜ್ಜ ಆ ಕೋಟೆಯ ಹಳೆಯ ಕಾವಲುಗಾರರು. ನಮ್ಮ ಇಥಿಯೋಪಿಯಾದ ಚಕ್ರವರ್ತಿಗಳನ್ನೆಲ್ಲ ಸ್ವಂತ ತಮ್ಮನ ಮಕ್ಕಳೇನೋ ಎಂಬಂತೆ ಗದರುತ್ತಾರೆ. "ಈ ಫಾಸಿಲ್ ದೊರೆ ಕೋಟೆ ಕಟ್ಟಿದ, ಸರಿ. ಮೆಟ್ಟಿಲು ಇಷ್ಟೆತ್ತರ ಇಡೋ ಮುಂಚೆ ನನ್ನ ಮಂಡೀನ ಒಂದು ಮಾತು ಕೇಳಬಾರದಿತ್ತಾ?" ಒಂದೇ ಪುಡಿಯನ್ನು ಮೂರು ಸಲ ಕುದಿಸಿ ಕೊಡುವ ಮೂರು ಸುತ್ತು ಮುಗಿಯದೆ ನಮ್ಮಲ್ಲಿ ಯಾರೂ ಏಳುವಂತಿಲ್ಲ, ಅಜ್ಜನಿಗೆ ಅಷ್ಟೇ ಸಾಕು. ಮೊದಲ ಸುತ್ತಿನಲ್ಲಿ ಬೈಗುಳ ಹಳೇ ಅಕ್ಸುಮ್ ರಾಜ್ಯದ ದೊರೆಗಳಿಗೆ, ಎರಡನೆಯದರಲ್ಲಿ ಗೊಂಡರಿನವರಿಗೆ. ಮೂರನೆಯದರಲ್ಲಿ ಮಾತ್ರ ಗದರಿಕೆಯಿಲ್ಲ. ತೆವೊದ್ರೊಸ್ ದೊರೆ ಸೋತು ಸತ್ತಾಗ ಬಿಳಿಯರು ಕಡಲಾಚೆ ಒಯ್ದ ಅವನ ಏಳು ವರ್ಷದ ಮಗನಿಗೆಂದು ಒಂದು ಬಟ್ಟಲು ತುಂಬಿಸಿಡುತ್ತಾರೆ. ಆ ಹುಡುಗ ಅಲ್ಲೇ ತೀರಿಕೊಂಡು, ಅಲ್ಲೇ ಮಣ್ಣಾಗಿ ನೂರು ವರ್ಷ ದಾಟಿದೆ. "ಏನಜ್ಜಾ, ನಿಮ್ಮ ರಾಜಕುಮಾರ ಇವತ್ತೂ ಕೈ ಕೊಟ್ನಾ?" ಎಂದು ಆಟೋದವರು ಕೆಣಕಿದರೆ, "ದಾರಿ ದೂರ ಕಣ್ರೋ, ಹುಡುಗ ಚಿಕ್ಕವನು" ಎನ್ನುತ್ತಾರೆ. ಇಂದು ಬೆಳಿಗ್ಗೆ ಅಜ್ಜನನ್ನು ಆಸ್ಪತ್ರೆಗೆ ಕರೆದೊಯ್ದರು. ಹೋಗುವಾಗ ನನ್ನ ಕೈ ಹಿಡಿದು, "ಮಗಳೇ, ಅವನು ಬಂದಾಗ ಬಟ್ಟಲು ಖಾಲಿ ಇರಬಾರದು" ಎಂದರು. ಸಂಜೆ ಮೂರನೆಯ ಸುತ್ತಿನಲ್ಲಿ ಆ ಬಟ್ಟಲಿಗೆ ನಾನು ಕಾಫಿ ಬಗ್ಗಿಸುತ್ತೇನೆ.