ಕಿರುಗುಟ್ಟುವ ಬ್ರೇಕಿಗೆ ಎಣ್ಣೆ

ಬೀದಿಯವರೆಲ್ಲ ಅವನನ್ನು ನಿಧಾನಪ್ಪ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷಗಳಿಂದ ಬೈಕು ರಿಪೇರಿ ಮಾಡುತ್ತಿದ್ದರೂ ಬ್ರೇಕಿನ ಕೆಲಸವೆಂದರೆ ಅವನಿಗೆ ಅರ್ಧ ದಿನ ಬೇಕು. ಕೆಲಸ ಮುಗಿದ ಮೇಲೂ, ಗಾಡಿಯ ಯಜಮಾನನನ್ನೇ ಹಿಂದೆ ಕೂರಿಸಿಕೊಂಡು ಅಂಗಡಿಯೆದುರಿನ ಇಳಿಜಾರಿನಲ್ಲಿ ಮೂರು ಸಲ ಓಡಿಸಿ, ನಿಲ್ಲಿಸಿ ತೋರಿಸಿದ ಹೊರತು ಕೀಲಿಕೈ ಕೊಡುತ್ತಿರಲಿಲ್ಲ.

ಅಕ್ಕನ ಗಂಡನ ಹಳೆಯ ಬೈಕಿಗೂ ಹಾಗೆಯೇ ಮಾಡಿದ್ದ. ಮುಂದಿನ ಚಕ್ರದ ಡ್ರಮ್ ಬ್ರೇಕು ತೆಗೆದು, ದೊಡ್ಡ ಡಿಸ್ಕು ಕೂರಿಸಿ, ಅದನ್ನು ಎರಡೂ ಬದಿಯಿಂದ ಕಚ್ಚಿ ಹಿಡಿಯುವ ಪ್ಯಾಡು ಹಾಕಿದ್ದ. ಅಕ್ಕ ದಿನಾ ಬೆಳಿಗ್ಗೆ ಅದೇ ಬೈಕಿನ ಹಿಂದೆ ಕೂತು, ಲಾರಿಗಳು ಓಡಾಡುವ ಇಳಿಜಾರು ರಸ್ತೆಯಲ್ಲಿ ಕೆಲಸಕ್ಕೆ ಹೋಗುವವಳು. ಅದಕ್ಕೇ ಮೈಯೆಲ್ಲ ಕಣ್ಣಾಗಿ ಮಾಡಿದ್ದ.

"ಭಾವ, ಹೊಸ ಪ್ಯಾಡು ನಾಲ್ಕು ದಿನ ಸದ್ದು ಮಾಡುತ್ತೆ. ಕಿವಿಗೆ ಹಾಕ್ಕೋಬೇಡಿ" ಎಂದೂ ಹೇಳಿದ್ದ.

ಮೂರನೆಯ ದಿನ ಬೆಳಿಗ್ಗೆ ಇಬ್ಬರೂ ಬಂದರು. ಬೈಕು ಅಂಗಡಿ ದಾಟಿ ಹತ್ತು ಮಾರು ಮುಂದೆ ಹೋಗಿ ನಿಂತಿತು. ಅದೂ ಹಿಂದಿನ ಬ್ರೇಕೊಂದೇ ಸಾಲದೆ ಭಾವ ಎರಡೂ ಕಾಲು ನೆಲಕ್ಕೆ ಉಜ್ಜಿದ್ದರಿಂದ.

"ಏನಯ್ಯಾ ನಿನ್ನ ಬ್ರೇಕು? ಹಿಡಿಯೋದೇ ಇಲ್ಲ!"

ನಿಧಾನಪ್ಪ ಕುಕ್ಕರುಗಾಲಿನಲ್ಲಿ ಕೂತು ಡಿಸ್ಕಿಗೆ ಬೆರಳಿಟ್ಟ. ಕರಿ ಜಿಡ್ಡು ಅಂಟಿಕೊಂಡಿತು. ಮೂಸಿ ನೋಡಿದ.

"ಇದಕ್ಕೆ ಎಣ್ಣೆ ಬಿಟ್ಟೋರು ಯಾರು?"

"ನಾನೇ. ಸಿಗ್ನಲ್ ಹತ್ರ ಕಿರ್ರ್ ಅಂದ್ರೆ ಜನ ಎಲ್ಲ ತಿರುಗಿ ನೋಡ್ತಿದ್ರು. ಮಾನ ಹೋಗ್ತಿತ್ತು. ಇವಳ ಹೊಲಿಗೆ ಮಿಷನ್ ಎಣ್ಣೆ ಇತ್ತಲ್ಲ, ಧಾರಾಳವಾಗಿ ಬಿಟ್ಟೆ. ಈಗ ಸದ್ದೇ ಇಲ್ಲ, ನೋಡು!"

"ಸದ್ದೂ ಇಲ್ಲ, ಬ್ರೇಕೂ ಇಲ್ಲ" ಎಂದಳು ಅಕ್ಕ. "ಈಗ ಬರ್ತಾ ತರಕಾರಿ ಗಾಡಿಗೆ ಗುದ್ದೋದು ಸ್ವಲ್ಪದರಲ್ಲಿ ತಪ್ಪಿತು ಕಣೋ."

ಬೇರೆ ಯಾರಾಗಿದ್ದರೂ ನಿಧಾನಪ್ಪ ಜನ್ಮ ಜಾಲಾಡಿಬಿಡುತ್ತಿದ್ದ. ಅರ್ಧ ದಿನದ ಕೆಲಸದ ಮೇಲೆ ಯಾರೋ ಉಗುಳಿದಂತೆ ಅಸಹ್ಯವಾಗಿತ್ತು. ಅದಕ್ಕಿಂತ ಅಸಹ್ಯ, ಹಲ್ಲು ಕಿರಿಯುತ್ತ ನಿಂತಿದ್ದ ಆ ಮುಖ. ಎಷ್ಟಾದರೂ ಅಕ್ಕನ ಗಂಡ. ಬಾಯಿಗೆ ಬಂದ ಮಾತನ್ನು ನುಂಗಿಕೊಂಡ.

"ಪ್ಯಾಡು ಎಣ್ಣೆ ಕುಡಿದಿದೆ ಭಾವ. ತೊಳೆದ್ರೆ ಹೋಗಲ್ಲ, ಬಿಸಾಕ್ಬೇಕು. ಹೊಸದು ಬರೋಕೆ ಎರಡು ದಿನ. ಗಾಡಿ ಇಲ್ಲೇ ಇರ್ಲಿ."

"ಎರಡು ದಿನ ಬಸ್ಸಲ್ಲಿ ನೇತಾಡ್ಲಾ? ಹಿಂದಿನ ಬ್ರೇಕ್ ಇದೆಯಲ್ಲ, ಹುಷಾರಾಗಿ ಇಳೀತೀನಿ. ಹತ್ತೇ, ಹೊತ್ತಾಯ್ತು."

ಅಕ್ಕ ಹತ್ತಲಿಲ್ಲ, ತಮ್ಮನ ಮುಖ ನೋಡಿದಳು. ಅವನು ಬೈಕನ್ನು ಒಳಕ್ಕೆ ತಳ್ಳಿ, ಇಂಜಿನ್ನಿನ ಕೆಳಗೆ ಮರದ ದಿಮ್ಮಿ ಕೊಟ್ಟು, ಸ್ಪ್ಯಾನರು ಹಾಕಿ ಮುಂದಿನ ಚಕ್ರವನ್ನೇ ಬಿಚ್ಚಿ ಗೋಡೆಗೆ ಒರಗಿಸಿದ.

ಭಾವನ ಮುಖ ಕೆಂಪೇರಿತು. "ದೊಡ್ಡೋರು ಚಿಕ್ಕೋರು ಅನ್ನೋದೇ ಇಲ್ವೇನೋ ನಿನಗೆ?"

"ಇದೆ ಭಾವ. ಅದಕ್ಕೇ ಚಕ್ರ ಮಾತ್ರ ಬಿಚ್ಚಿದ್ದು, ಬಾಯಿ ಬಿಚ್ಚಲಿಲ್ಲ."

ಅಕ್ಕ ನಗು ತಡೆದುಕೊಂಡು, ಊಟದ ಚೀಲ ಹೆಗಲಿಗೇರಿಸಿ ಬಸ್ ನಿಲ್ದಾಣದ ಕಡೆ ಹೊರಟಳು. ಬೆರಳಿಗಂಟಿದ ಜಿಡ್ಡು ಗಾಡಿಗಟ್ಟಲೆ ಕೆಸರೇನೋ ಎಂಬಂತೆ ನಿಧಾನಪ್ಪ ಎರಡೂ ಕೈಗೆ ಸೋಪಿನ ಪುಡಿ ಸುರಿದುಕೊಂಡು ಉಜ್ಜತೊಡಗಿದ.